ಹೋಪ್‌ವೆಲ್ ಕುಲುಮೆಯ ಅಂಗಡಿ ಲೆಕ್ಕ: ಹಣ, ತೂಕ ಮುಗಿಯಿತು, ಹೆಸರುಗಳು ಬಾಕಿ

ಅಮೆರಿಕದ ಪೆನ್ಸಿಲ್ವೇನಿಯಾದ ಹೋಪ್‌ವೆಲ್, ಇದ್ದಿಲು ಉರಿಸಿ ಕಬ್ಬಿಣ ತೆಗೆಯುವ ಕುಲುಮೆ. ಮಾರ್ಕ್ ಬರ್ಡ್ 1771ರಲ್ಲಿ ಕಟ್ಟಿಸಿದ್ದು, 1883ರಲ್ಲಿ ನಿಂತಿತು. ಕೆಲಸಗಾರರಿಗೆ ಸರಕು ಕೊಡುತ್ತಿದ್ದ ಅಲ್ಲಿನ ಅಂಗಡಿಯ ಕಿರ್ದಿ ಮತ್ತು ಖಾತೆ ಪುಸ್ತಕಗಳನ್ನು ಪುಟಗಳ ಚಿತ್ರ ನೋಡಿ ಸ್ಪ್ರೆಡ್‌ಶೀಟಿಗೆ ಇಳಿಸುವ ಕೆಲಸದ ಈ ಹಂತದ ವರದಿ ಇದು.

ಮೊದಲು ಹಣ. ಹಳೆಯ ಪುಟಗಳಲ್ಲಿ ಪೌಂಡ್, ಶಿಲ್ಲಿಂಗ್, ಪೆನ್ಸ್ (ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್). ಇದು ಇಂಗ್ಲೆಂಡಿನ ಪೌಂಡ್ ಅಲ್ಲ, ಪೆನ್ಸಿಲ್ವೇನಿಯಾದ್ದು: 7 ಶಿಲ್ಲಿಂಗ್ 6 ಪೆನ್ಸ್‌ಗೆ ಒಂದು ಡಾಲರ್. ನಂತರದ ಪುಟಗಳಲ್ಲಿ ಡಾಲರ್, ಸೆಂಟ್, ಜೊತೆಗೆ ಸ್ಪ್ಯಾನಿಷ್ ಚಿಲ್ಲರೆಯಿಂದ ಬಂದ 12½ ಮತ್ತು 6¼ ಸೆಂಟ್. ಎಲ್ಲವನ್ನೂ ಡಾಲರಿಗೆ ತಿರುಗಿಸಿ ಎರಡು ದಶಮಾಂಶ ಇಟ್ಟರೆ ನೂರು ಸಾಲು ದಾಟುವಷ್ಟರಲ್ಲಿ ಮೊತ್ತ ತಪ್ಪುತ್ತದೆ, ಏಕೆಂದರೆ ಒಂದು ಪೆನ್ನಿ ಎಂದರೆ ಡಾಲರಿನ 90ನೇ ಒಂದು ಭಾಗ, ಅದು ದಶಮಾಂಶದಲ್ಲಿ ಮುಗಿಯುವುದೇ ಇಲ್ಲ. ಪರಿಹಾರ: ಡಾಲರನ್ನು 3,600 ಭಾಗ ಮಾಡಿ ಪೂರ್ಣಾಂಕದಲ್ಲೇ ಬರೆಯುವುದು. ಪೌಂಡ್ 9,600, ಶಿಲ್ಲಿಂಗ್ 480, ಪೆನ್ನಿ 40, ಸೆಂಟ್ 36, 6¼ ಸೆಂಟ್ 225. ಎಲ್ಲೂ ಭಿನ್ನರಾಶಿ ಉಳಿಯುವುದಿಲ್ಲ. ಮೂಲದಲ್ಲಿ ಬರೆದ ಅಂಕಿಯನ್ನು ಮಾತ್ರ ಬೇರೆ ಕಾಲಂನಲ್ಲಿ ಹಾಗೇ ಉಳಿಸಬೇಕು.

ಕಬ್ಬಿಣದ ಟನ್ 2,240 ಪೌಂಡ್ ತೂಕ. ಹಂಡ್ರೆಡ್‌ವೆಯ್ಟ್ 112, ಕ್ವಾರ್ಟರ್ 28. 1-2-3-5 ಎಂದಿದ್ದರೆ (ಟನ್, ಹಂಡ್ರೆಡ್‌ವೆಯ್ಟ್, ಕ್ವಾರ್ಟರ್, ಪೌಂಡ್ ಈ ಕ್ರಮದಲ್ಲಿ) 2,553 ಪೌಂಡ್. ಕಟ್ಟಿಗೆ ಅಳೆಯುವ ಕಾರ್ಡ್ ಎಂದರೆ 4×4×8 ಅಡಿಯ ರಾಶಿ.

ದಿನಾಂಕದ ಕಾಲಂನಲ್ಲಿ 'ಮೇಲಿನಂತೆ' ಎಂಬ ಗುರುತುಗಳೇ ಹೆಚ್ಚು. ಅವುಗಳನ್ನು ತುಂಬುವ ಮೊದಲು ವಿಂಗಡಿಸಿದರೆ ಸಾಲುಗಳು ದಿನ ಕಳೆದುಕೊಳ್ಳುತ್ತವೆ, ಮತ್ತೆ ಕೂಡಿಸಲು ಚಿತ್ರ ನೋಡಿಯೇ ಆಗಬೇಕು. ಹಾಗಾಗಿ ಪುಟ ಸಂಖ್ಯೆ, ಸಾಲು ಸಂಖ್ಯೆ ಮೊದಲು. ಮೊತ್ತ ತಾಳೆಯಾಗದಿದ್ದಾಗ ಮೊದಲು ಹುಡುಕಬೇಕಾದದ್ದು 'ಹಿಂದಿನ ಪುಟದಿಂದ ತಂದದ್ದು' ಎಂಬ ಸಾಲು. ಅದು ಹೊಸ ವ್ಯವಹಾರವಲ್ಲ, ಕೂಡಿದರೆ ಎರಡು ಬಾರಿ ಲೆಕ್ಕವಾಗುತ್ತದೆ.

ಈಗ ನಿಜವಾದ ವಿಷಯ. ಖಾತೆಯ ಖರ್ಚಿನ ಬದಿ ನೋಡಿ ಕೆಲಸಗಾರ ಅಂಗಡಿಯ ಸಾಲದಲ್ಲಿ ಮುಳುಗಿದ್ದ ಎಂದು ಬರೆಯುವುದು ಬಹಳ ಸುಲಭ, ಬಹಳ ಸಲ ತಪ್ಪು. ಇದ್ದಿಲು ಸುಡುವವರ ಕೆಲಸ ವಸಂತದಿಂದ ಶರತ್ಕಾಲದವರೆಗೆ. ಹಿಟ್ಟು, ಹಂದಿಮಾಂಸ, ಕಾಫಿ, ಬಟ್ಟೆ ಆಗಾಗ ಖಾತೆಗೆ ಏರುತ್ತವೆ. ಇದ್ದಿಲಿನ ಬುಶೆಲ್ (ಒಂದು ಅಳತೆ) ಲೆಕ್ಕದ ಕೂಲಿ ನಂತರ ಒಟ್ಟಾಗಿ ಜಮೆಯಾಗುತ್ತದೆ. ಜೂನ್‌ನಲ್ಲಿ ನಿಲ್ಲಿಸಿ ನೋಡಿದರೆ ಬಾಕಿ ಕಾಣುವುದು ಸಹಜ. ವರ್ಷದ ಲೆಕ್ಕ ಚುಕ್ತಾ ಆಗುವವರೆಗೆ ತೀರ್ಮಾನ ಬೇಡ.

ಖರ್ಚಿನ ಬದಿಯ ಎಲ್ಲವೂ ಸರಕಲ್ಲ. ಕಟ್ಟಿಗೆ ಕಡಿಯುವವನು ಚಮ್ಮಾರನಿಗೆ ಕೊಡಬೇಕಾದದ್ದನ್ನು ಗುಮಾಸ್ತ ಇವನ ಖಾತೆಯಲ್ಲಿ ಕಳೆದು ಅವನ ಖಾತೆಗೆ ಸೇರಿಸುತ್ತಾನೆ. ನಾಣ್ಯ ಕೈ ಬದಲಾಗುವುದೇ ಇಲ್ಲ. ನಾಣ್ಯ ವಿರಳವಾದ ಆ ಕಾಡಿನಲ್ಲಿ ಈ ಪುಸ್ತಕವೇ ಬ್ಯಾಂಕು. ಆದ್ದರಿಂದ ಪ್ರತಿ ಸಾಲಿಗೂ ಸರಕು, ನಗದು, ವರ್ಗಾವಣೆ, ಬಾಡಿಗೆ ಎಂಬ ನಾಲ್ಕರಲ್ಲಿ ಒಂದು ಗುರುತು ಹಾಕಲಾಗಿದೆ. ವರ್ಗಾವಣೆಯ ಸಾಲಿಗೆ ಎದುರು ಖಾತೆಯ ಪುಟ ಸಂಖ್ಯೆಯೂ ಬೇಕು. ಇದು ನಿಧಾನದ ಕೆಲಸ, ಆದರೆ ಬಿಟ್ಟರೆ ಅಂಗಡಿಯ ವ್ಯಾಪಾರ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹೆಸರುಗಳು ಇನ್ನೂ ನಡೆಯುತ್ತಿವೆ. ಜರ್ಮನ್ ಮನೆತನದ ಹೆಸರುಗಳನ್ನು ಗುಮಾಸ್ತ ಕಿವಿಗೆ ಕೇಳಿದಂತೆ ಬರೆದಿದ್ದಾನೆ; ಒಬ್ಬನೇ ಮೂರು ರೂಪದಲ್ಲಿ ಸಿಗಬಹುದು. ಕಾಗುಣಿತ ತಿದ್ದುವುದಿಲ್ಲ, ವ್ಯಕ್ತಿ ಸಂಖ್ಯೆಯ ಕಾಲಂ ಸೇರಿಸುತ್ತೇವೆ. ಹೆಸರಿನ ಜೊತೆ ಕಸುಬೂ ಹೊಂದಿದರೆ ಮಾತ್ರ ಒಂದೇ ಸಂಖ್ಯೆ, ಇಲ್ಲದಿದ್ದರೆ ಎರಡು. ತಂದೆ-ಮಗನನ್ನು ಒಂದಾಗಿಸಿದರೆ ಮುಂದೆ ಬೇರ್ಪಡಿಸುವುದು ಬಲು ಕಷ್ಟ. ಹೆಂಗಸರ ದುಡಿಮೆ ಗಂಡನ ಅಥವಾ ತಂದೆಯ ಖಾತೆಯೊಳಗೆ ಅಡಗಿರಬಹುದು. ವಿವರಣೆಯ ಸಾಲನ್ನು ಪೂರ್ತಿ ಓದಬೇಕು. ಬರ್ಡ್ ಗುಲಾಮರನ್ನೂ ಇಟ್ಟುಕೊಂಡಿದ್ದ. ಕೂಲಿ ಖಾತೆಗಳನ್ನಷ್ಟೇ ಎಣಿಸಿ ಕೆಲಸಗಾರರ ಸಂಖ್ಯೆ ಹೇಳಿದರೆ ಅವರು ಬಿಟ್ಟುಹೋಗುತ್ತಾರೆ, ಆದ್ದರಿಂದ ಆ ಎಣಿಕೆಯ ಕೋಷ್ಟಕದ ತಲೆಬರಹ ಈಗ 'ಖಾತೆ ಇದ್ದವರು' ಎಂದಷ್ಟೇ ಇದೆ.

ಮುಂದಿನದು ಅಚ್ಚು ಎರೆಯುವವರ ಖಾತೆಗಳು. ಅವರ ಕೂಲಿ ಎರಕದ ತೂಕದ ಮೇಲೆ, ಹಾಗಾಗಿ ಎರಕದ ಕಬ್ಬಿಣದ ಒಲೆಯ ಹಲಗೆಗಳ ತೂಕದ ಪಟ್ಟಿಯೊಡನೆ ಸಾಲು ಸಾಲಾಗಿ ತಾಳೆ ನೋಡಬೇಕಿದೆ.