ಆಕರ ಪಟ್ಟಿಯಲ್ಲಿ ನಮ್ಮವರ ಹೆಸರು

ನಮ್ಮ ಜಿಲ್ಲೆಯ ಮೇಲೆ ಬರೆದ ಯಾವುದೇ ಪ್ರಬಂಧದ ಕೊನೆಯ ಆಕರ ಪಟ್ಟಿ ತೆಗೆದು ನೋಡಿ. ಭಟ್ಟರು, ಗಾಂವ್ಕರರು, ಗೌಡರು, ಹೆಗಡೆಯವರು, ನಾಯಕರು, ನಾಯ್ಕರು ಸಾಲಾಗಿ ಸಿಗುತ್ತಾರೆ. ಕಾರವಾರದಲ್ಲಿ ಡಿಟಿಪಿ ಮಾಡುತ್ತಾ ಮಾಡುತ್ತಾ ಥೀಸಿಸ್ ಫಾರ್ಮ್ಯಾಟಿಂಗ್ ಕೆಲಸಕ್ಕೆ ಬಂದವಳು ನಾನು. ಮಾರ್ಜಿನ್, ಸಾಲುಗಳ ಅಂತರ, ಎರಡನೇ ಸಾಲಿನಿಂದ ಅರ್ಧ ಇಂಚು ಒಳಕ್ಕೆ ಸರಿಯುವ ಹ್ಯಾಂಗಿಂಗ್ ಇಂಡೆಂಟ್, ಇವನ್ನೆಲ್ಲ ಕಂಪ್ಯೂಟರ್‌ಗೆ ಒಮ್ಮೆ ಹೇಳಿಕೊಟ್ಟರೆ ಸಾಕು. ಹೆಸರು ಹಾಗಲ್ಲ. ಒಂದೊಂದನ್ನೂ ಕೂತು ನೋಡಬೇಕು.

ಆಕರ ಪಟ್ಟಿ ಹೇಗೆ ಬರೆಯಬೇಕು ಎಂದು ಹೇಳುವ ಸ್ಟೈಲುಗಳು ಬೇರೆ ಕಡೆ ಹುಟ್ಟಿದವು. ಎಪಿಎ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ್ದು. 1929ರಲ್ಲಿ ಏಳು ಪುಟದ ಒಂದು ಲೇಖನವಾಗಿ ಶುರುವಾಗಿ ಈಗ 7ನೇ ಆವೃತ್ತಿಗೆ ಬಂದಿದೆ. ಸಾಹಿತ್ಯದವರು ಬಳಸುವ ಎಂಎಲ್‌ಎಯ 9ನೇ ಆವೃತ್ತಿ 2021ರಲ್ಲಿ ಬಂತು. ಅಲ್ಪವಿರಾಮ ಎಲ್ಲಿ, ವರ್ಷ ಎಲ್ಲಿ ಎಂಬುದರಲ್ಲಿ ಇವೆರಡಕ್ಕೂ ವ್ಯತ್ಯಾಸ ಇದೆ. ಆದರೆ ಹೆಸರಿನ ಕೊನೆಯಲ್ಲಿ ಒಂದು ಸರ್‌ನೇಮ್ ಇರುತ್ತದೆ, ಅದನ್ನು ಮುಂದಕ್ಕೆ ತರಬೇಕು ಎನ್ನುವ ಲೆಕ್ಕಾಚಾರ ಎರಡರಲ್ಲೂ ಒಂದೇ. ಎಪಿಎ ಉಳಿದದ್ದನ್ನು ಇನಿಶಿಯಲ್ ಮಾಡುತ್ತದೆ, ಎಂಎಲ್‌ಎ ಪೂರ್ತಿ ಹೆಸರು ಉಳಿಸುತ್ತದೆ.

ಕನ್ನಡಿಗರ ಹೆಸರೆಲ್ಲ ಆ ಲೆಕ್ಕಕ್ಕೆ ಸಿಗುತ್ತವೆಯೇ? ಎಂ. ಚಿದಾನಂದಮೂರ್ತಿ ಅವರನ್ನೇ ತೆಗೆದುಕೊಳ್ಳಿ. ಶಾಸನಗಳ ಬಗ್ಗೆ ಬರೆಯುವ ಇತಿಹಾಸದ ವಿದ್ಯಾರ್ಥಿಗೆ ಅವರ ಪುಸ್ತಕ ಬೇಕೇ ಬೇಕು. ಇಂಗ್ಲಿಷ್ ಪಟ್ಟಿಯಲ್ಲಿ ಅವರು ಎಷ್ಟೋ ಸಲ ‘ಮೂರ್ತಿ, ಎಂ. ಸಿ.’ ಆಗಿ ಕೂತಿರುತ್ತಾರೆ. ಅದು ಯಾರ ಹೆಸರು? ಮೂರ್ತಿ ಅವರ ಮನೆತನದ ಹೆಸರಲ್ಲ. ‘ಚಿದಾನಂದಮೂರ್ತಿ, ಎಂ.’ ಎಂದೇ ಬರಬೇಕು. ‘ಎಂ’ ಸಾಲಿನಲ್ಲಿ ಹುಡುಕುವವನಿಗೆ ‘ಸಿ’ ಸಾಲಿನ ಪುಸ್ತಕ ಹೇಗೆ ಸಿಕ್ಕೀತು? ಆಕರ ಪಟ್ಟಿ ತಾನೇ ಮಾಡಿಕೊಡುವ ಜೊಟೇರೊದಂಥ ತಂತ್ರಾಂಶ ಬಳಸುವವರು ಹೆಸರಿನ ಪಕ್ಕದ ಬಟನ್ ಒತ್ತಿ, ಸರ್‌ನೇಮ್‌ಗೊಂದು ಉಳಿದ ಹೆಸರಿಗೊಂದು ಇರುವ ಎರಡು ಖಾನೆಯನ್ನು ಒಂದೇ ಖಾನೆ ಮಾಡಿಕೊಳ್ಳಬಹುದು. ಆಗ ನೀವು ಬರೆದ ಹಾಗೇ ಉಳಿಯುತ್ತದೆ. ಸರ್‌ನೇಮ್ ಇಲ್ಲದ ಒಂಟಿ ಹೆಸರಿನವರಿಗಂತೂ ಇದು ತುಂಬಾ ಉಪಯೋಗ.

ಘಟ್ಟದ ಮೇಲಿನ ಸಿರ್ಸಿ, ಸಿದ್ದಾಪುರದ ಕಡೆ ಸಮಸ್ಯೆ ಬೇರೆ. ಅಲ್ಲಿ ಸರ್‌ನೇಮ್ ಇದೆ, ಆದರೆ ಊರಿಡೀ ಅದೇ ಇದೆ. ಅಡಿಕೆಯ ಮೇಲೆ ಇಬ್ಬರು ಬೇರೆ ಬೇರೆ ಹೆಗಡೆಯವರು ಬರೆದಿದ್ದಾರೆ ಎಂದುಕೊಳ್ಳಿ. ಪಠ್ಯದೊಳಗೆ ಸುಮ್ನೆ ‘ಹೆಗಡೆ, 2015’ ಎಂದು ಬರೆದರೆ ಯಾವ ಹೆಗಡೆ? ಎಪಿಎಯಲ್ಲಿ ಇದಕ್ಕೆ ನಿಯಮ ಇದೆ. ಮೊದಲ ಲೇಖಕರ ಸರ್‌ನೇಮ್ ಒಂದೇ ಆಗಿ ವ್ಯಕ್ತಿಗಳು ಬೇರೆಯಾದರೆ, ವರ್ಷ ಬೇರೆ ಇದ್ದರೂ ಇನಿಶಿಯಲ್ ಸೇರಿಸಲೇಬೇಕು. ಈ ನಿಯಮವನ್ನು ಬೇರೆ ಕಡೆಯವರು ವರ್ಷಕ್ಕೊಮ್ಮೆ ಬಳಸುತ್ತಾರೇನೋ. ನಮಗೆ ಪ್ರತಿ ಪುಟದಲ್ಲೂ ಬೇಕು.

ಸ್ಪೆಲಿಂಗ್ ಬಗ್ಗೆಯೂ ಹೇಳಬೇಕು. ಇಂಗ್ಲಿಷ್‌ನಲ್ಲಿ ಹೆಗಡೆಯನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ನಾಯಕ ಮತ್ತು ನಾಯ್ಕ ಒಂದೇ ಅಲ್ಲ ಎಂಬುದು ಅಂಕೋಲಾದ ಮಗುವಿಗೂ ಗೊತ್ತು. ಹೊರಗಿನವರಿಗೆ ಗೊತ್ತಿಲ್ಲ. ಎಲ್ಲರನ್ನೂ ಒಂದೇ ಥರ ‘ಸರಿ ಮಾಡಲು’ ಹೋಗಬೇಡಿ. ಲೇಖನದ ಮೇಲೆ ಹೇಗೆ ಅಚ್ಚಾಗಿದೆಯೋ ಹಾಗೇ ಬರೆಯಿರಿ. ಇನ್ನು ನೀವೇ ಮೊದಲ ಲೇಖನ ಕಳಿಸುತ್ತಿದ್ದರೆ ನಿಮ್ಮ ಹೆಸರಿನ ಒಂದು ಸ್ಪೆಲಿಂಗ್ ಆರಿಸಿ, ಅದನ್ನೇ ಕೊನೆಯವರೆಗೂ ಇಟ್ಟುಕೊಳ್ಳಿ. ಸಂಶೋಧಕರನ್ನು ಗುರುತಿಸುವ ಆರ್ಕಿಡ್ (ORCID) ಐಡಿ ಮಾಡಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ. 2012ರಿಂದ ಇದೆ, 16 ಅಂಕಿಯ ಸಂಖ್ಯೆ. ಸಾವಿರ ನಾಯ್ಕರ ನಡುವೆಯೂ ನಿಮ್ಮ ಕೆಲಸ ನಿಮ್ಮದೇ ಎಂದು ಗೊತ್ತಾಗುತ್ತದೆ.

ಪುಸ್ತಕದ ಮೇಲೆ ಇದ್ದ ಹಾಗೇ ಬರೆಯಬೇಕು ಎನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಒಂದಿದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ನಮ್ಮ ಕರಾವಳಿ ಹಾದು ಹೋದವನು. ಆ ಪ್ರವಾಸದ ಪುಸ್ತಕ 1807ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಇತಿಹಾಸದವರ ಪಟ್ಟಿಯಲ್ಲಿ ಅವನು ‘ಬುಕಾನನ್, 1807’. ಕೋಡಿಬಾಗದ ಕಡಲ ಜೀವಶಾಸ್ತ್ರದ ವಿದ್ಯಾರ್ಥಿಗಳು ರೋಹು ಮೀನಿನ ಹೆಸರು ಬರೆಯುವಾಗ ‘ಲೇಬಿಯೊ ರೋಹಿಟ (ಹ್ಯಾಮಿಲ್ಟನ್, 1822)’ ಎನ್ನುತ್ತಾರೆ. ವೈಜ್ಞಾನಿಕ ಹೆಸರಿನ ಪಕ್ಕದಲ್ಲಿರುವುದು ಅದನ್ನು ಮೊದಲು ಇಟ್ಟವನ ಹೆಸರು, ಇಟ್ಟ ವರ್ಷ. ಇಬ್ಬರೂ ಒಬ್ಬನೇ! ತಾಯಿಯ ಕಡೆಯ ಆಸ್ತಿ ಬಂದ ಮೇಲೆ ಅವನು ಹ್ಯಾಮಿಲ್ಟನ್ ಆದ. ಗಂಗೆಯ ಮೀನುಗಳ ಪುಸ್ತಕ ಹೊಸ ಹೆಸರಿನಲ್ಲಿ ಬಂತು. ಎರಡನ್ನೂ ಒಂದೇ ಹೆಸರಿಗೆ ತಂದರೆ ಒಂದು ಪುಸ್ತಕ ಕಪಾಟಿನಲ್ಲಿ ಕಳೆದು ಹೋಗುತ್ತದೆ.

ಮೀನಿನ ಮಾತು ಬಂತಲ್ಲ, ಅಲ್ಲಿನ ಆವರಣದ ವಿಷಯವನ್ನೂ ಹೇಳಿಬಿಡುತ್ತೇನೆ. ಬಂಗಡೆ ‘ರಾಸ್ಟ್ರೆಲಿಜರ್ ಕನಗುರ್ಟ (ಕುವಿಯೆ, 1816)’. ತಾರ್ಲೆ ‘ಸಾರ್ಡಿನೆಲ್ಲಾ ಲಾಂಜಿಸೆಪ್ಸ್ ವ್ಯಾಲೆನ್ಸಿಯೆನ್, 1847’. ಒಂದಕ್ಕೆ ಆವರಣ ಇದೆ, ಇನ್ನೊಂದಕ್ಕಿಲ್ಲ. ಇದು ಟೈಪಿಂಗ್ ತಪ್ಪಲ್ಲ. ಕುವಿಯೆ ಬಂಗಡೆಯನ್ನು ಮೊದಲು ಸ್ಕಾಂಬರ್ ಎಂಬ ಕುಲಕ್ಕೆ (ಜೀನಸ್, ಹೆಸರಿನ ಮೊದಲ ಪದ) ಸೇರಿಸಿದ್ದ. ಆಮೇಲೆ ಕುಲ ಬದಲಾಯಿತು, ಅದಕ್ಕೇ ಆವರಣ. ತಾರ್ಲೆ ಮೊದಲಿನ ಕುಲದಲ್ಲೇ ಇದೆ. ಎಪಿಎ ಹೆಸರು ಹೇಳಿ ಎರಡಕ್ಕೂ ಆವರಣ ಹಾಕಿದರೆ ನೋಡಲು ಚಂದ ಕಾಣಬಹುದು, ಆದರೆ ಮೀನಿನ ಚರಿತ್ರೆಯೇ ಬದಲಾಗುತ್ತದೆ. ಸಿರ್ಸಿಯ ಅರಣ್ಯ ಕಾಲೇಜಿನವರ ಗಿಡಮರಗಳಿಗೆ ಪದ್ಧತಿ ಮತ್ತೆ ಬೇರೆ. ಮುರುಗಲು ‘ಗಾರ್ಸಿನಿಯಾ ಇಂಡಿಕಾ (ಥುವಾರ್) ಶ್ವಾಜಿ’. ವರ್ಷ ಇಲ್ಲ, ಕುಲ ಬದಲಿಸಿದವನ ಹೆಸರೂ ಸೇರುತ್ತದೆ. ಫಾರ್ಮ್ಯಾಟ್ ಮಾಡುವವರು ಇವನ್ನು ಮುಟ್ಟಲೇಬಾರದು.

ಕನ್ನಡದಲ್ಲೇ ಬರೆದ ಪ್ರಬಂಧವಾದರೆ ಪಟ್ಟಿಯನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಹಳೆಯ ನುಡಿ ಫಾಂಟ್‌ಗಳಲ್ಲಿ ಸಾರ್ಟ್ ಕೊಟ್ಟರೆ ಅಕಾರಾದಿ ಕ್ರಮ ಬರುವುದಿಲ್ಲ.

ನನ್ನ ಮನಸ್ಸಿಗೆ ಜಾಸ್ತಿ ಹತ್ತಿರವಾದದ್ದು ಹಾಡುವವರ ಹೆಸರು. ಹಾಲಕ್ಕಿ ಹೆಂಗಸರ ಹಾಡು, ಮೀನುಗಾರರ ಮಾತು ಕೇಳಿಕೊಂಡು ಬಂದು ಬರೆಯುವ ಮಕ್ಕಳು ನಮ್ಮಲ್ಲಿ ಇದ್ದಾರೆ. ಓದುಗರು ಮತ್ತೆ ಹೋಗಿ ತೆಗೆದು ನೋಡಲಾಗದ ಮಾತುಕತೆಯನ್ನು ಎಪಿಎ ಕೊನೆಯ ಪಟ್ಟಿಗೆ ಸೇರಿಸುವುದಿಲ್ಲ. ಎಂಎಲ್‌ಎ ಸಂದರ್ಶನಕ್ಕೆ ಪಟ್ಟಿಯಲ್ಲಿ ಜಾಗ ಕೊಡುತ್ತದೆ. ಎಪಿಎಯ 7ನೇ ಆವೃತ್ತಿ ಮೂಲನಿವಾಸಿಗಳ ಬಾಯಿಮಾತಿನ ಜ್ಞಾನದ ಬಗ್ಗೆ ಬೇರೆಯೇ ಸೂಚನೆ ಕೊಟ್ಟಿದೆ. ಅವರ ಪೂರ್ತಿ ಹೆಸರು, ಸಮುದಾಯ, ಊರು ಪಠ್ಯದಲ್ಲೇ ಬರಲಿ ಎನ್ನುತ್ತದೆ. ನಮ್ಮ ಜಾನಪದದವರು ಇದನ್ನು ಮೊದಲಿನಿಂದ ಮಾಡುತ್ತಾ ಬಂದಿದ್ದಾರೆ, ಅಲ್ವಾ? ‘ವಕ್ತೃಗಳ ಪಟ್ಟಿ’ ಎಂದು ಅನುಬಂಧ ಇರುತ್ತದೆ. ಯಾವ ಸ್ಟೈಲ್ ಹೇಳಿದ್ದರೂ ಆ ಪಟ್ಟಿ ಬಿಡಬೇಡಿ ಎಂದು ನನ್ನ ಹತ್ತಿರ ಬರುವವರಿಗೆ ಹೇಳುತ್ತೇನೆ. ಅವರ ಒಪ್ಪಿಗೆ ಕೇಳಿ. ‘ಗೌಡ, ಎಸ್.’ ಎಂದು ಮೊಟಕು ಮಾಡದೆ, ಊರಲ್ಲಿ ಅವರನ್ನು ಕರೆಯುವ ಪೂರ್ತಿ ಹೆಸರು ಬರೆಯಿರಿ. ವಯಸ್ಸು, ಊರು, ಹಾಡು ರೆಕಾರ್ಡ್ ಮಾಡಿದ ದಿನ ಕೂಡ ಅದರ ಪಕ್ಕದಲ್ಲೇ ಇರಲಿ.