‘ನಿಮ್ಮಿಂದ ಗುಂಪಿಗೆ ತೊಂದ್ರೆ ಆಗಲ್ವಾ?’

ನನ್ನ ಎಡಗಾಲು ಮೊಣಕಾಲಿನಿಂದ ಕೆಳಗೆ ಕೃತಕ. ಆದರೂ ಬೆಟ್ಟ ಹತ್ತುತ್ತೇನೆ, ರಾಫ್ಟಿಂಗ್ ಮಾಡುತ್ತೇನೆ, ಟೆಂಟಿನಲ್ಲಿ ಮಲಗುತ್ತೇನೆ. ಅದೂ ಮೊದಲು ಮುಖವನ್ನೇ ನೋಡಿರದ ಹತ್ತು ಹನ್ನೆರಡು ಜನರ ಗುಂಪಿನ ಜೊತೆ. ಇದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. ಕೆಲವರು ನಯವಾಗಿ, ‘ಮ್ಯಾನೇಜ್ ಆಗುತ್ತಾ?’ ಅನ್ನುತ್ತಾರೆ. ಕೆಲವರು ನೇರವಾಗಿ, ‘ನಿಮ್ಮಿಂದ ಗುಂಪಿಗೆ ತೊಂದ್ರೆ ಆಗಲ್ವಾ?’ ಅನ್ನುತ್ತಾರೆ. ಈಚೆಗೆ ಅಂಗವೈಕಲ್ಯ ಇರುವವರೇ ಜಾಸ್ತಿ ಕೇಳುತ್ತಿದ್ದಾರೆ: ‘ನನಗೂ ಬರಬೇಕು ಅಂತ ಆಸೆ. ಆದರೆ ಬೇರೆಯವರಿಗೆ ಹೊರೆ ಆಗ್ತೀನೇನೋ.’ ಮುಖ್ಯವಾಗಿ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳದೆ ಹೋದರೆ ತೊಂದರೆ ಆಗುತ್ತದೆ. ಹೇಳಿ ಹೋದರೆ ಸಾಮಾನ್ಯವಾಗಿ ಆಗುವುದಿಲ್ಲ.

ಯಾವ ಗುಂಪಾದರೂ ಅದರಲ್ಲಿ ನಿಧಾನದವರು ಒಬ್ಬರು ಇದ್ದೇ ಇರುತ್ತಾರೆ. ಹೊಸ ಬೂಟು ಹಾಕಿಕೊಂಡು ಬಂದು ಕಾಲಿಗೆ ಬೊಬ್ಬೆ ಬರಿಸಿಕೊಂಡವರು, ಕೆಳಗೆ ನೋಡಿದರೆ ಕೈಕಾಲು ನಡುಗುವವರು, ವರ್ಷವಿಡೀ ಕುರ್ಚಿ ಬಿಟ್ಟು ಏಳದವರು. ತಮ್ಮಿಂದ ಎಷ್ಟಾಗುತ್ತದೆ ಅಂತ ಅವರಿಗೆ ಗೊತ್ತಾಗುವುದು ಅರ್ಧ ಬೆಟ್ಟ ಹತ್ತಿದ ಮೇಲೆ. ನನ್ನಿಂದ ಎಷ್ಟಾಗುತ್ತದೆ ಅಂತ ನನಗೆ ಮನೆಯಲ್ಲೇ ಗೊತ್ತು. ಗಂಟೆಗೆ ಎಷ್ಟು ದೂರ ನಡೆಯುತ್ತೇನೆ, ಎಷ್ಟು ಹೊತ್ತಿಗೊಮ್ಮೆ ಕೂರಬೇಕು, ಎಂಥ ಇಳಿಜಾರಿನಲ್ಲಿ ಎರಡು ಕೋಲು ಬೇಕು, ಎಲ್ಲವನ್ನೂ ಫೋನಿನಲ್ಲೇ ಹೇಳಬಲ್ಲೆ. ಆಯೋಜಕರಿಗೆ ಬೇಕಾದ್ದೂ ಅದೇ. ಮೊದಲೇ ಗೊತ್ತಿದ್ದರೆ ಒಂದು ಗಂಟೆ ಬೇಗ ಹೊರಡಬಹುದು. ದಾರಿಯಲ್ಲಿ ಗೊತ್ತಾದರೆ ಕತ್ತಲಾಗುವವರೆಗೂ ಎಲ್ಲರೂ ಕಾಡಿನಲ್ಲೇ.

ಆದರೆ ಹೇಳುವುದಕ್ಕೂ ಒಂದು ರೀತಿ ಇದೆ. ‘ನನಗೆ ಒಂದು ಕಾಲಿಲ್ಲ, ಬರಬಹುದಾ?’ ಅಂತ ಕೇಳಿದರೆ ‘ಸಾರಿ, ಆಗಲ್ಲ’ ಅನ್ನುತ್ತಾರೆ, ಇಲ್ಲಾ ‘ಧಾರಾಳವಾಗಿ ಬನ್ನಿ, ನಾವು ನೋಡ್ಕೊಳ್ತೀವಿ’ ಅನ್ನುತ್ತಾರೆ. ಎರಡೂ ಕೆಲಸಕ್ಕೆ ಬಾರದ ಉತ್ತರ. ನನಗೆ ಎರಡನೆಯದರ ಭಯವೇ ಜಾಸ್ತಿ. ಹೇಗೆ ನೋಡಿಕೊಳ್ಳುತ್ತೀರಿ ಅಂತ ಕೇಳಿದರೆ ಆ ಕಡೆ ಮಾತೇ ಇರುವುದಿಲ್ಲ. ಅದಕ್ಕೇ ನಾನು ದಾರಿಯ ಬಗ್ಗೆ ಕೇಳುತ್ತೇನೆ. ಮಧ್ಯೆ ಕೂರಲು ಜಾಗವೇ ಇಲ್ಲದ ದಾರಿ ಎಷ್ಟು ಉದ್ದ? ಇಳಿಯುವ ಕಡೆ ಬಂಡೆಯಾ, ಸಡಿಲ ಕಲ್ಲಾ, ಕೆಸರಾ? ದೋಣಿ ಹತ್ತುವುದು ಹಲಗೆಯ ಮೇಲಾ, ಏಣಿಯಿಂದಲಾ? ಅರ್ಧಕ್ಕೆ ವಾಪಸ್ ಬರಬೇಕಾದರೆ ಜೀಪು ಎಲ್ಲಿಯವರೆಗೆ ಬರುತ್ತದೆ? ಫೋಟೊ ಇದ್ದರೆ ಕಳಿಸಿ ಅನ್ನುತ್ತೇನೆ. ಜಾಹೀರಾತಿನಲ್ಲಿ ‘ಸುಲಭ’ ಅಂತ ಬರೆದಿರುವುದು ಎರಡು ಕಾಲು ಗಟ್ಟಿ ಇರುವವರ ಲೆಕ್ಕ.

ಹತ್ತುವುದೇ ಕಷ್ಟ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನನಗೆ ಇಳಿಯುವುದೇ ಕಷ್ಟ. ನನ್ನಂಥವರು ಹಾಕುವ ಸಾಮಾನ್ಯ ಕೃತಕ ಪಾದ, ಇಳಿಜಾರಿಗೆ ತಕ್ಕಂತೆ ನಿಜವಾದ ಪಾದದ ಹಾಗೆ ಬಾಗುವುದಿಲ್ಲ. ಪ್ರತಿ ಹೆಜ್ಜೆಯ ಭಾರವೂ ಮೊಣಕಾಲಿನ ಮೇಲೆ ಬೀಳುತ್ತದೆ, ಮೊಣಕಾಲಿನ ಕೆಳಗೆ ಉಳಿದಿರುವ ಮೋಟುಕಾಲು ಸಾಕೆಟ್ (ಕೃತಕ ಕಾಲಿನಲ್ಲಿ ಅದು ಕೂರುವ ಬಟ್ಟಲು) ಒಳಗೆ ಮುಂದಕ್ಕೆ ಒತ್ತುತ್ತದೆ. ಜೊತೆಗೆ ಬೆವರು. ಮೋಟುಕಾಲಿಗೆ ರಬ್ಬರಿನಂಥ ಲೈನರ್ ಹಾಕಿರುತ್ತೇವೆ, ಅದರೊಳಗೆ ಗಾಳಿ ಆಡುವುದಿಲ್ಲ. ಬೆವರು ಅಲ್ಲೇ ನಿಂತು ಕಾಲು ಜಾರಲು ಶುರುವಾಗುತ್ತದೆ. ಸಂಜೆ ಹೊತ್ತಿಗೆ ಮೋಟುಕಾಲು ಸ್ವಲ್ಪ ಸಣ್ಣಗಾಗಿ ಸಾಕೆಟ್ ಸಡಿಲವಾಗುತ್ತದೆ, ಇನ್ನೊಂದು ಕಾಲ್ಚೀಲ ಸೇರಿಸಬೇಕು. ಹಾಗಾಗಿ ಗಂಟೆ, ಒಂದೂವರೆ ಗಂಟೆಗೊಮ್ಮೆ ಕಲ್ಲಿನ ಮೇಲೆ ಕೂತು ಕಾಲು ಬಿಚ್ಚುತ್ತೇನೆ. ಲೈನರ್ ತಿರುವಿ ಬೆವರು ಚೆಲ್ಲಿ, ಬಟ್ಟೆಯಿಂದ ಒರೆಸಿ, ಚರ್ಮ ಎಲ್ಲಾದರೂ ಕೆಂಪಾಗಿದೆಯಾ ಅಂತ ಬೆರಳಾಡಿಸಿ ನೋಡಿ, ಮತ್ತೆ ಹಾಕಿಕೊಳ್ಳುತ್ತೇನೆ. ಐದು ನಿಮಿಷದ ಕೆಲಸ. ಸಂಕೋಚಕ್ಕೆ ಬಿದ್ದು ಇದನ್ನು ಮುಂದೂಡಿದರೆ ಹುಣ್ಣಾಗುತ್ತದೆ. ಹುಣ್ಣಾದರೆ ಮಾರನೇ ದಿನದಿಂದ ಕಾಲು ಹಾಕುವ ಹಾಗೇ ಇಲ್ಲ, ಆಗ ನಿಜವಾಗಿಯೂ ಹೊರೆ. ಇನ್ನೊಂದು ಮಾತು: ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಎರಡು ಕಾಲಿನವರೇ ಏದುಸಿರು ಬಿಡುತ್ತಾ, ‘ನಿಮ್ಮ ಕಾಲು ಬಿಚ್ಚೋ ಟೈಮ್ ಆಗಿಲ್ವಾ?’ ಅಂತ ಕೇಳಲು ಶುರು ಮಾಡುತ್ತಾರೆ.

ಯಾರೂ ಕೇಳದ ವಿಷಯ ರಾತ್ರಿಯದ್ದು. ಮಲಗುವಾಗ ಕಾಲು ಬಿಚ್ಚಿಟ್ಟಿರುತ್ತೇನೆ. ನಡುರಾತ್ರಿ ಮೂತ್ರಕ್ಕೆ ಎದ್ದರೆ ಟೆಂಟಿನಿಂದ ಅಂಬೆಗಾಲಿಟ್ಟು ಹೊರಗೆ ಬಂದು ಊರುಗೋಲು ಹಿಡಿದು ಹೋಗಬೇಕು. ಎರಡೂ ಕೈಯಲ್ಲಿ ಊರುಗೋಲು, ಟಾರ್ಚ್ ಹಿಡಿಯುವುದು ಯಾವ ಕೈಯಲ್ಲಿ? ತಲೆಗೆ ಕಟ್ಟುವ ದೀಪವೇ ಬೇಕು. ದಾರಿಗೆ ಅಡ್ಡ ಟೆಂಟಿನ ಹಗ್ಗ ಇರಬಾರದು. ಕುಕ್ಕರುಗಾಲಲ್ಲಿ ಕೂರಲು ನನಗೆ ಆಗುವುದಿಲ್ಲ, ಹಾಗಾಗಿ ಕಮೋಡ್ ಇಲ್ಲದಿದ್ದರೆ ಮಡಚುವ ಕಮೋಡ್ ಕುರ್ಚಿಯನ್ನಾದರೂ ತರಿಸಬೇಕು. ಬೆಟ್ಟದ ಎತ್ತರಕ್ಕಿಂತ ಮೊದಲು ನಾನು ಕೇಳುವುದು ಇದನ್ನೇ. ಈ ಪ್ರಶ್ನೆಗೆ ನಗುವ ಆಯೋಜಕರಿದ್ದಾರೆ. ಅವರ ಜೊತೆ ಹೋಗುವುದಿಲ್ಲ.

ನೀರಿನ ಲೆಕ್ಕ ಬೇರೆ. ರಾಫ್ಟಿನಲ್ಲಿ ಬೀಳದ ಹಾಗೆ ಪಾದವನ್ನು ಗಾಳಿ ತುಂಬಿದ ಅಡ್ಡಪಟ್ಟಿಯ ಕೆಳಗೆ ಸಿಕ್ಕಿಸಿ ಕೂರುತ್ತಾರೆ. ಕೃತಕ ಪಾದಕ್ಕೆ ಸ್ಪರ್ಶ ಇಲ್ಲ, ಅದು ಬಿಗಿಯಾಗಿ ಸಿಕ್ಕಿಕೊಂಡಿದ್ದರೂ ನನಗೆ ಗೊತ್ತಾಗುವುದಿಲ್ಲ. ರಾಫ್ಟ್ ಮಗುಚಿದಾಗ ಅದು ಗೊತ್ತಾದರೆ ಏನು ಪ್ರಯೋಜನ? ಅದಕ್ಕೇ ಗೈಡ್ ಜೊತೆ ಮಾತಾಡಿ, ಕಾಲು ಬಿಚ್ಚಿ ನೀರು ಹೋಗದ ಚೀಲದಲ್ಲಿ ಹಾಕಿ, ಅವರ ಕೈಗೆ ಸಿಗುವಷ್ಟು ಹತ್ತಿರ ಕೂರುತ್ತೇನೆ. ಸ್ಕೂಬಾ ಡೈವಿಂಗ್ ಇದಕ್ಕಿಂತ ಸಲೀಸು, ನೀರೊಳಗೆ ದೇಹದ ಭಾರವನ್ನು ಕಾಲು ಹೊರಬೇಕಾಗಿಲ್ಲವಲ್ಲ. ಅಂಗವಿಕಲರಿಗೆ ಡೈವಿಂಗ್ ಕಲಿಸಲೆಂದೇ ಹ್ಯಾಂಡಿಕ್ಯಾಪ್ಡ್ ಸ್ಕೂಬಾ ಅಸೋಸಿಯೇಷನ್ ಅಮೆರಿಕದಲ್ಲಿ 1981ರಲ್ಲೇ ಶುರುವಾಗಿದೆ.

‘ನಿಮಗೆ ಒಂದು ಕಾಲಾದರೂ ಇದೆ, ನಾನು ವೀಲ್‌ಚೇರಿನಲ್ಲಿ ಇದ್ದೀನಲ್ಲ’ ಅನ್ನುವವರಿಗೆ ಜೋಎಲೆಟ್ ಬಗ್ಗೆ ಹೇಳುತ್ತೇನೆ. ಒಂದೇ ಚಕ್ರದ ಕುರ್ಚಿ. ಮುಂದೆ ಒಬ್ಬರು ಎಳೆಯುತ್ತಾರೆ, ಹಿಂದೆ ಒಬ್ಬರು ಹಿಡಿದು ತಳ್ಳುತ್ತಾರೆ, ಕಾಲುದಾರಿಯಲ್ಲೂ ಹೋಗುತ್ತದೆ. ಫ್ರಾನ್ಸಿನ ಪರ್ವತ ಗೈಡ್ ಜೋಯೆಲ್ ಕ್ಲೋಡೆಲ್, ಸ್ನಾಯು ಕಾಯಿಲೆ ಇದ್ದ ತಮ್ಮ ಸೋದರಳಿಯನನ್ನು ಬೆಟ್ಟಕ್ಕೆ ಕರೆದೊಯ್ಯಲು 1987ರಲ್ಲಿ ಮಾಡಿದ್ದು ಅದು. ಇನ್ನು ಬೆನ್ನುಹುರಿಗೆ ಪೆಟ್ಟಾದವರು ಆಯೋಜಕರಿಗೆ ಎರಡು ವಿಷಯ ಹೇಳಲೇಬೇಕು. ಒಂದು, ಒಂದೇ ಕಡೆ ಕೂತರೆ ಚರ್ಮ ಒತ್ತಿ ಹುಣ್ಣಾಗುತ್ತದೆ, ಆಗಾಗ ಎತ್ತಿ ಭಾರ ಬದಲಿಸಬೇಕು. ಎರಡು, ಪೆಟ್ಟು ಮೇಲ್ಭಾಗದಲ್ಲಿದ್ದರೆ ದೇಹ ಸರಿಯಾಗಿ ಬೆವರುವುದಿಲ್ಲ, ಬಿಸಿಲಲ್ಲಿ ಮೈ ಕಾವು ಬೇಗ ಏರುತ್ತದೆ.

ಎವರೆಸ್ಟ್ ಹತ್ತಿದವರ ಹೆಸರು ಹೇಳಿ ನಮ್ಮನ್ನು ಹುರಿದುಂಬಿಸುವವರು ಬಹಳ. ಕಣ್ಣು ಕಾಣದ ಎರಿಕ್ ವೈಹೆನ್‌ಮೇಯರ್ 2001ರಲ್ಲಿ ಹತ್ತಿದರು. ಮೊಣಕಾಲಿನ ಮೇಲಿನವರೆಗೆ ಎರಡೂ ಕಾಲು ಕಳೆದುಕೊಂಡ ಹರಿ ಬುಢಾ ಮಗರ್ 2023ರಲ್ಲಿ ಹತ್ತಿದರು. ದೊಡ್ಡ ಸಾಧನೆ, ಇಲ್ಲ ಅನ್ನಲ್ಲ. ಆದರೆ ರಜೆಗೆ ಹೋಗುವ ನನಗೆ ಶಿಖರಕ್ಕಿಂತ ಕುತೂಹಲ ಸದ್ದು ಮಾಡುವ ಒಂದು ಗಂಟೆಯ ಬಗ್ಗೆ. ವೈಹೆನ್‌ಮೇಯರ್ ಮುಂದೆ ಹೋಗುವವರಿಗೆ ಗಂಟೆ ಕಟ್ಟಿ, ಅದರ ಸದ್ದು ಕೇಳುತ್ತಾ ಹಿಂದೆ ಹೋಗುತ್ತಾರೆ. ಅಂಥ ಏರ್ಪಾಡು ನಮಗೂ ಕೈಗೆಟುಕುವಂಥದ್ದು, ಅಲ್ವಾ?

ಇನ್ನು ಜೊತೆಗೆ ಬಂದವರ ವಿಷಯ. ಮೊದಲ ಸಂಜೆಯೇ ಎಲ್ಲರೆದುರು ಕಾಲು ತೋರಿಸಿ ಎರಡು ಮಾತು ಹೇಳಿಬಿಡುತ್ತೇನೆ. ಕೇಳದೆ ನನ್ನ ತೋಳು ಹಿಡಿದು ಎಳೆಯಬೇಡಿ, ಸಮತೋಲನ ತಪ್ಪುತ್ತದೆ. ನಿಮ್ಮ ಕೈ ಗಟ್ಟಿಯಾಗಿ ಚಾಚಿ, ಬೇಕಾದರೆ ನಾನೇ ಹಿಡಿಯುತ್ತೇನೆ. ಅಷ್ಟು ಹೇಳದಿದ್ದರೆ ಮೂರು ದಿನ ಎಲ್ಲರೂ ಕದ್ದು ಕದ್ದು ನೋಡುತ್ತಾ, ‘ನೀವು ನಮಗೆ ಸ್ಫೂರ್ತಿ’ ಅನ್ನುತ್ತಾ ಸುಮ್ನೆ ತಲೆ ತಿನ್ನುತ್ತಾರೆ.

ಕೆಲವು ದಿನ ನಾನು ಹೋಗುವುದೇ ಇಲ್ಲ. ಗಂಟೆಗಟ್ಟಲೆ ಸಡಿಲ ಕಲ್ಲಿನ ಇಳಿಜಾರು ಇದ್ದರೆ ಅವತ್ತು ಕ್ಯಾಂಪಿನಲ್ಲೇ ಉಳಿಯುತ್ತೇನೆ. ಅದನ್ನೂ ಬುಕ್ ಮಾಡುವಾಗಲೇ ಹೇಳಿರುತ್ತೇನೆ, ಹಾಗಾಗಿ ಯಾರೂ ನನಗೋಸ್ಕರ ಹಿಂದೆ ಉಳಿಯಬೇಕಾಗಿಲ್ಲ.

ಹೊರಡುವ ಮುಂಚೆ ವಿಮೆ ನೋಡಿ. ಮೊದಲಿನಿಂದ ಇರುವ ಸಮಸ್ಯೆಗೆ, ಕೃತಕ ಕಾಲಿಗೆ ಅಥವಾ ವೀಲ್‌ಚೇರಿಗೆ ಹಾನಿಯಾದರೆ ಹಣ ಕೊಡುತ್ತಾರಾ ಅಂತ ಬರವಣಿಗೆಯಲ್ಲೇ ಕೇಳಿ. ಬ್ಯಾಟರಿ ವೀಲ್‌ಚೇರಾದರೆ ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ ಒಪ್ಪಿಗೆ ತಗೊಳ್ಳಿ. ನನ್ನ ಹಾಗೆ ಕಾಲು ಹಾಕುವವರು ಅದರ ತಿರುಪು ಬಿಗಿಮಾಡುವ ಅಲೆನ್ ಕೀ ಎರಡು ಇಟ್ಟುಕೊಳ್ಳಿ. ಸಾಮಾನ್ಯವಾಗಿ 4 ಎಂಎಂ ಅಳತೆಯದು. ಒಂದು ನಿಮ್ಮ ಜೇಬಿನಲ್ಲಿರಲಿ, ಇನ್ನೊಂದು ಗೈಡ್ ಹತ್ತಿರ.