ಆಪತ್ತು ಯಾವುದೇ ಇರಲಿ, ಮೊದಲು ನೀರಿನ ಲೆಕ್ಕ

ನೆರೆ, ಚಂಡಮಾರುತ, ಭೂಕಂಪ, ಕಾಳ್ಗಿಚ್ಚು ಎಂದು ಒಂದೊಂದಕ್ಕೂ ಬೇರೆ ಬೇರೆ ಸಿದ್ಧತೆ ಮಾಡಲು ಹೊರಟರೆ ಪಟ್ಟಿಯೇ ಮುಗಿಯುವುದಿಲ್ಲ. ಮನೆಯೊಳಗಿನಿಂದ ನೋಡಿದರೆ ಇವೆಲ್ಲ ತಂದೊಡ್ಡುವ ಕಷ್ಟ ಹೆಚ್ಚುಕಡಿಮೆ ಒಂದೇ. ನಲ್ಲಿಯಲ್ಲಿ ನೀರು ಬರುವುದಿಲ್ಲ, ಕರೆಂಟು ಇರುವುದಿಲ್ಲ, ಫೋನು ತಾಗುವುದಿಲ್ಲ, ಶೌಚಾಲಯಕ್ಕೆ ಹೋಗುವ ಹಾಗಿಲ್ಲ, ದಿನವೂ ತೆಗೆದುಕೊಳ್ಳುವ ಔಷಧ ಸಿಗುವುದಿಲ್ಲ. ಕೆಲವೊಮ್ಮೆ ಹತ್ತೇ ನಿಮಿಷದಲ್ಲಿ ಮನೆ ಬಿಡಬೇಕಾಗುತ್ತದೆ. ಆದ್ದರಿಂದ ಏನು ಬರಬಹುದು ಎಂದು ಯೋಚಿಸುವ ಮೊದಲು ಏನೇನು ನಿಲ್ಲುತ್ತದೆ ಎಂದು ಲೆಕ್ಕ ಹಾಕಿ. ಆ ಲೆಕ್ಕದಲ್ಲಿ ಮೊದಲ ಸಾಲು ನೀರಿನದು.

ಒಬ್ಬರಿಗೆ ದಿನಕ್ಕೆ 4 ಲೀಟರ್ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ಕುಡಿಯಲು, ಉಳಿದರ್ಧ ಅಡುಗೆಗೆ, ಕೈ ತೊಳೆಯಲು, ಹಲ್ಲುಜ್ಜಲು. ಸ್ನಾನ, ಬಟ್ಟೆ ಒಗೆಯುವುದು ಇದರಲ್ಲಿ ಸೇರಿಲ್ಲ. ನಾಲ್ಕು ಜನರ ಮನೆಗೆ ಮೂರು ದಿನಕ್ಕೆ 48 ಲೀಟರ್ ಆಯಿತು, ಎರಡು ವಾರಕ್ಕೆ 224 ಲೀಟರ್. ಮೂರು ದಿನದ್ದರಿಂದ ಶುರುಮಾಡಿ, ಜಾಗ ನೋಡಿಕೊಂಡು ಹೆಚ್ಚಿಸುತ್ತಾ ಹೋಗಿ. ಹಾಲುಣಿಸುವ ತಾಯಿ, ಕಾಯಿಲೆಯವರು ಇದ್ದರೆ, ಬಿಸಿಲು ಹೆಚ್ಚಿದ್ದರೆ ಇದು ಸಾಲದು. ಸಾಕುಪ್ರಾಣಿಗಳಿದ್ದರೆ ಅವುಗಳ ಪಾಲನ್ನೂ ಸೇರಿಸಿ.

ಇಷ್ಟನ್ನೂ ಒಂದೇ ದೊಡ್ಡ ಡ್ರಮ್ಮಿನಲ್ಲಿ ತುಂಬಿಡಬೇಡಿ. ಒಂದು ಲೀಟರ್ ನೀರು ಒಂದು ಕೆಜಿ ತೂಗುತ್ತದೆ. 50 ಲೀಟರಿನ ಡ್ರಮ್ಮನ್ನು ಮಹಡಿಗೆ ಹೊರುವುದು ಯಾರಿಗೂ ಸುಲಭವಲ್ಲ. ಅದಕ್ಕಿಂತ ಮುಖ್ಯವಾಗಿ, ಒಮ್ಮೆ ಕೊಳಕು ಕೈಯೋ ಲೋಟವೋ ಅದರಲ್ಲಿ ಅದ್ದಿದರೆ ಅಷ್ಟೂ ನೀರು ಕೆಟ್ಟ ಹಾಗೆ. 10 ಲೀಟರಿನ, ಕೆಳಗೆ ನಲ್ಲಿ ಇರುವ ಕ್ಯಾನುಗಳು ವಾಸಿ. ಕ್ಯಾನು ಆಹಾರ ತುಂಬಲೆಂದೇ ಮಾಡಿದ್ದಾಗಿರಬೇಕು. ಹಾಲು, ಹಣ್ಣಿನ ರಸ ಇದ್ದ ಪ್ಲಾಸ್ಟಿಕ್ ಬಾಟಲಿ ಬೇಡ. ಎಷ್ಟು ತೊಳೆದರೂ ಅದರ ಒಳಮೈಯಲ್ಲಿ ಪ್ರೋಟೀನು, ಸಕ್ಕರೆಯ ಅಂಶ ಉಳಿದು ಬ್ಯಾಕ್ಟೀರಿಯಾ ಬೆಳೆಯುತ್ತವೆ. ತುಂಬುವ ಮುಂಚೆ ಸೋಪು ಹಾಕಿ ತೊಳೆದು, ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬ್ಲೀಚ್ (ಬಟ್ಟೆಯ ಕಲೆ ತೆಗೆಯುವ ಕ್ಲೋರಿನ್ ದ್ರಾವಣ, ಪುಡಿಯಲ್ಲ) ಬೆರೆಸಿ, ಅದನ್ನು ಒಳಗೆಲ್ಲ ತಾಗುವಂತೆ ಅಲ್ಲಾಡಿಸಿ, ಅರ್ಧ ನಿಮಿಷ ಬಿಟ್ಟು ಚೆಲ್ಲಿ ಒಣಗಿಸಿ. ಮುಚ್ಚಳಕ್ಕೂ ಇದೇ ಉಪಚಾರ ಆಗಬೇಕು. ಬಹಳಷ್ಟು ಜನ ಮರೆಯುವುದು ಅದನ್ನೇ. ತುಂಬಿದ ದಿನಾಂಕ ಬರೆದಿಟ್ಟು ಆರು ತಿಂಗಳಿಗೊಮ್ಮೆ ನೀರು ಬದಲಿಸಿ. ಪೆಟ್ರೋಲು, ಸೀಮೆಎಣ್ಣೆ, ಕೀಟನಾಶಕ ಇಟ್ಟ ಕೋಣೆಯಲ್ಲಿ ಮಾತ್ರ ಇಡಬೇಡಿ, ಅವುಗಳ ಆವಿ ಪ್ಲಾಸ್ಟಿಕ್ಕನ್ನು ದಾಟಿ ನೀರಿಗೆ ಸೇರುತ್ತದೆ.

ಕೂಡಿಟ್ಟ ನೀರು ಮುಗಿದಾಗ ಸಿಕ್ಕಿದ ನೀರನ್ನು ಶುದ್ಧ ಮಾಡಬೇಕಾಗುತ್ತದೆ. ಕುದಿಸುವುದೇ ಎಲ್ಲಕ್ಕಿಂತ ನೆಚ್ಚಿಕೊಳ್ಳಬಹುದಾದ ದಾರಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಎತ್ತರದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಮೂರು ನಿಮಿಷ ಬೇಕು. ಉರಿಸಲು ಏನೂ ಇಲ್ಲದಿದ್ದರೆ ಬ್ಲೀಚ್: ಪರಿಮಳ, ಬಣ್ಣ, ಸೋಪು ಏನೂ ಬೆರೆಸದ, 5ರಿಂದ 6 ಶೇಕಡ ಸೋಡಿಯಂ ಹೈಪೊಕ್ಲೋರೈಟ್ ಇರುವುದು. ಲೀಟರಿಗೆ 2 ಹನಿ, ಅಂದರೆ 20 ಲೀಟರಿಗೆ ಸುಮಾರು 2 ಮಿಲಿ. ನೀರು ಬಗ್ಗಡವಾಗಿದ್ದರೆ ಮೊದಲು ತಿಳಿಯಾಗಲು ಬಿಟ್ಟು, ಒತ್ತು ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಹನಿಗಳನ್ನು ಎರಡರಷ್ಟು ಮಾಡಿ, ಏಕೆಂದರೆ ಕ್ಲೋರಿನ್ನಿನ ಶಕ್ತಿಯೆಲ್ಲ ಮಣ್ಣಿನ ಮೇಲೇ ಖರ್ಚಾಗಿಬಿಡುತ್ತದೆ. ಕಲಕಿ 30 ನಿಮಿಷ ಬಿಡಿ. ಆಮೇಲೆ ಕ್ಲೋರಿನ್ ವಾಸನೆ ತುಸುವಾದರೂ ಬರಬೇಕು. ಬರದಿದ್ದರೆ ಅಷ್ಟೇ ಹನಿ ಮತ್ತೆ ಹಾಕಿ ಇನ್ನೂ 15 ನಿಮಿಷ ಕಾಯಿರಿ. ಹಳೆಯ ಬ್ಲೀಚ್ ಕೈಕೊಡುವುದು ಇಲ್ಲಿಯೇ: ಮುಚ್ಚಿಟ್ಟ ಬಾಟಲಿಯಲ್ಲೂ ಅದರ ಶಕ್ತಿ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ವರ್ಷಕ್ಕೊಮ್ಮೆಯಾದರೂ ಹೊಸದು ತಂದಿಡಿ. ಇನ್ನೊಂದು ವಿಷಯ ಗಟ್ಟಿಯಾಗಿ ನೆನಪಿರಲಿ. ಡೀಸೆಲ್, ಕೀಟನಾಶಕ, ಕಾರ್ಖಾನೆಯ ರಾಸಾಯನಿಕ ಬೆರೆತ ನೆರೆನೀರನ್ನು ಕುದಿಸಿದರೂ ಬ್ಲೀಚ್ ಹಾಕಿದರೂ ಕುಡಿಯುವಂತಾಗದು.

ಮುನ್ಸೂಚನೆ ಸಿಕ್ಕಿತೆಂದರೆ, ನಲ್ಲಿ ಬರುತ್ತಿರುವಾಗಲೇ ಮನೆಯ ಎಲ್ಲ ಪಾತ್ರೆ, ಬಕೆಟ್ಟು ತುಂಬಿಸಿ. ಈ ನೀರು ತೊಳೆಯುವುದಕ್ಕೆ. ಭೂಕಂಪವಾದರೆ ಅಥವಾ ನೆರೆಯಿಂದ ಕೊಳವೆ ಒಡೆದ ಸುದ್ದಿ ಬಂದರೆ ಟ್ಯಾಂಕಿಗೆ ಹೊರಗಿನಿಂದ ನೀರು ಬರುವ ವಾಲ್ವನ್ನು ಮುಚ್ಚಿಬಿಡಿ. ಇಲ್ಲವಾದರೆ ಕೊಳಚೆ ಬೆರೆತ ನೀರು ನಿಮ್ಮ ಒಳ್ಳೆಯ ನೀರನ್ನೂ ಕೆಡಿಸುತ್ತದೆ.

ಶೌಚಾಲಯದ ಬಗ್ಗೆ ಮಾತಾಡಲು ಜನ ಸಂಕೋಚಪಡುತ್ತಾರೆ, ಆದರೆ ರೋಗ ಹರಡುವುದು ಅಲ್ಲಿಂದಲೇ. ಮುಚ್ಚಳವಿರುವ ಎರಡು ಬಕೆಟ್ ಸಾಕು, ಮೂತ್ರಕ್ಕೊಂದು, ಮಲಕ್ಕೊಂದು. ಎರಡೂ ಬೆರೆತಾಗಲೇ ನಾತ ಹೆಚ್ಚುವುದು, ಬೇಗ ತುಂಬುವುದು. ಮಲದ ಬಕೆಟ್ಟಿಗೆ ದಪ್ಪ ಚೀಲ ಎರಡು ಪದರ ಹಾಕಿ, ಪ್ರತಿ ಸಲವೂ ಮೇಲೆ ಮರದ ಹೊಟ್ಟು, ಆರಿದ ಬೂದಿ ಅಥವಾ ಹರಿದ ಕಾಗದ ಮುಚ್ಚಿ. ನೆರೆ ಏರುತ್ತಿದ್ದರೆ ಕೆಳಮಹಡಿಯ ಕಮೋಡ್ ಮತ್ತು ಬಚ್ಚಲ ಕಿಂಡಿಗಳ ಮೇಲೆ ಮರಳು ತುಂಬಿದ ಚೀಲ ಹೇರಿಡಿ. ಬಾಗಿಲಿಗೆ ನೀರು ತಲುಪುವ ಮೊದಲೇ ಚರಂಡಿ ನೀರು ಈ ಕಿಂಡಿಗಳಿಂದ ಹಿಂದಕ್ಕೆ ಉಕ್ಕಬಹುದು.

ಇನ್ನು ಕರೆಂಟು. ಬಾಗಿಲು ತೆಗೆಯದೆ ಇದ್ದರೆ ಫ್ರಿಜ್ಜು ಸುಮಾರು 4 ಗಂಟೆ ತಣ್ಣಗಿರುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಟ್ಟು ಫ್ರೀಜರಿನಲ್ಲಿ ಬಿಟ್ಟಿರಿ. ನೀವು ಮನೆಯಲ್ಲಿಲ್ಲದಾಗ ಕರೆಂಟು ಹೋಗಿ ಬಂದಿದ್ದರೂ ನಾಣ್ಯ ತಳಕ್ಕಿಳಿದಿದ್ದರೆ ಒಳಗಿನದೆಲ್ಲ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ; ಅದನ್ನು ತಿನ್ನಬೇಡಿ. ಬೆಳಕಿಗೆ ಮೇಣದಬತ್ತಿ ಬೇಡ, ಹಣೆಗೆ ಕಟ್ಟುವ ಟಾರ್ಚ್ ಒಳ್ಳೆಯದು, ಎರಡೂ ಕೈ ಬಿಡುವಾಗಿರುತ್ತವೆ. ಸೆಲ್ಲುಗಳನ್ನು ಟಾರ್ಚಿನೊಳಗೇ ತಿಂಗಳುಗಟ್ಟಲೆ ಬಿಟ್ಟರೆ ಸೋರಿ ತಗಡನ್ನೇ ತಿನ್ನುತ್ತವೆ. ಹೊರಗೆ ತೆಗೆದು, ಅದೇ ಟಾರ್ಚಿಗೆ ಕಟ್ಟಿಡಿ. 10,000 ಎಂಎಎಚ್ ಪವರ್ ಬ್ಯಾಂಕ್ ಎಂದಾಕ್ಷಣ 5,000ದ ಫೋನನ್ನು ಎರಡು ಸಲ ತುಂಬಿಸುತ್ತದೆ ಎಂದುಕೊಳ್ಳಬೇಡಿ. ಒಳಗಿನ 3.7 ವೋಲ್ಟನ್ನು 5ಕ್ಕೆ ಏರಿಸುವಾಗ, ಬಿಸಿಯಾಗಿ ಸೋರುವಾಗ ಕಳೆದು ಉಳಿಯುವುದು ಒಂದೂಕಾಲು, ಹೆಚ್ಚೆಂದರೆ ಒಂದೂವರೆ ಸಲಕ್ಕೆ ಆಗುವಷ್ಟು. ಸುಮ್ಮನೆ ಇಟ್ಟರೂ ಇಳಿಯುವ ವಸ್ತು ಅದು, ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

ಜನರೇಟರ್ ಇದ್ದವರು ಇದನ್ನು ದಯವಿಟ್ಟು ಎರಡು ಸಲ ಓದಿ. ಆಪತ್ತಿನಿಂದ ಪಾರಾದವರೂ ಆಮೇಲೆ ಸಾಯುವುದು ಕಾರ್ಬನ್ ಮಾನಾಕ್ಸೈಡಿನಿಂದ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿರಬೇಕು, ಹೊಗೆ ಕಿಟಕಿಯ ಕಡೆ ತಿರುಗಿರಬಾರದು. ಕಿಟಕಿ ತೆರೆದಿದೆ ಎಂಬ ಧೈರ್ಯದಲ್ಲಿ ವರಾಂಡದಲ್ಲಿ, ಗ್ಯಾರೇಜಿನಲ್ಲಿ ಓಡಿಸಬಾರದು. ಇದ್ದಿಲ ಒಲೆಯನ್ನು ಚಳಿಗೆಂದು ಕೋಣೆಯೊಳಗೆ ತರುವುದೂ ಅಷ್ಟೇ ಅಪಾಯ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದರೆ ಊಟದ ದೋಷ ಎನ್ನುತ್ತಾ ಕೂರದೆ ಎಲ್ಲರೂ ಬಯಲಿಗೆ ಬನ್ನಿ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ, ಅವರನ್ನು ಎತ್ತಿ ತನ್ನಿ. ಜನರೇಟರಿನ ವೈರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವುದಂತೂ ಕೂಡದು. ಆ ಕರೆಂಟು ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹಿಂದಕ್ಕೆ ಹರಿದು, ಅಲ್ಲಿ ಹೆಚ್ಚು ವೋಲ್ಟಿಗೆ ಏರಿ, ಕಂಬದ ಮೇಲೆ ದುರಸ್ತಿಗೆ ನಿಂತವರನ್ನು ಕೊಲ್ಲಬಹುದು.

ಮೇನ್ ಸ್ವಿಚ್ ಎಲ್ಲಿದೆ, ಗ್ಯಾಸು ಎಲ್ಲಿ ಬಂದ್ ಆಗುತ್ತದೆ ಎಂಬುದು ಮನೆಯ ಒಬ್ಬರಿಗೆ ಗೊತ್ತಿದ್ದರೆ ಸಾಲದು. ದೊಡ್ಡವರೆಲ್ಲ, ಹನ್ನೆರಡು ದಾಟಿದ ಮಕ್ಕಳೂ, ಕತ್ತಲಲ್ಲಿ ಟಾರ್ಚ್ ಹಿಡಿದು ಒಮ್ಮೆ ಮಾಡಿ ನೋಡಲಿ. ನೀರು ಒಳಗೆ ಬರುವ ಮೊದಲೇ ಮೇನ್ ಇಳಿಸಬೇಕು. ಕಾಲ ಕೆಳಗೆ ಆಗಲೇ ನೀರಿದ್ದರೆ ಮುಟ್ಟಲೇಬಾರದು. ಗ್ಯಾಸಿನ ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ, ಎರಡರಲ್ಲೂ ಕಿಡಿ ಹಾರುತ್ತದೆ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ, ಮೇಲಿನ ಕಿಟಕಿ ತೆರೆದು ಸುಮ್ಮನಾದರೆ ಹೋಗುವುದಿಲ್ಲ; ಬಾಗಿಲನ್ನೂ ತೆರೆದು ಹೊರಗೆ ನಡೆಯಿರಿ. ನೆರೆಯಲ್ಲಿ ಸಿಲಿಂಡರ್ ತೇಲಿ ಪೈಪು ಕಿತ್ತುಕೊಳ್ಳಬಹುದು, ವಾಲ್ವ್ ಮುಚ್ಚಿ ನೆಟ್ಟಗೆ ಕಟ್ಟಿಡಿ.

ಮನೆ ಬಿಡಬೇಕಾದಾಗ ಎತ್ತಿಕೊಂಡು ಹೊರಡಲು ಮೊದಲೇ ತುಂಬಿಡುವ ಚೀಲದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಎರಡು ಮಾತು ಮಾತ್ರ ಸೇರಿಸುತ್ತೇನೆ. ತುಂಬಿದ ಚೀಲ ಹೊತ್ತು ಮೆಟ್ಟಿಲು ಇಳಿದು ನೋಡಿ, ಆಗದಿದ್ದರೆ ಅರ್ಧ ತೆಗೆಯಿರಿ. ದಾಖಲೆಗಳ ಪ್ರತಿಯ ಜೊತೆಗೆ ಸಣ್ಣ ನೋಟುಗಳಿರಲಿ, ಕರೆಂಟಿಲ್ಲದೆ ಕಾರ್ಡು ನಡೆಯುವುದಿಲ್ಲ, ಚಿಲ್ಲರೆಯೂ ಸಿಗುವುದಿಲ್ಲ. ಮನೆಮಂದಿ ಚದುರಿದರೆ ಸುದ್ದಿ ಮುಟ್ಟಿಸಲು ದೂರದ ಊರಿನ ಒಬ್ಬರನ್ನು ಗೊತ್ತುಮಾಡಿ. ಕರೆ ತಾಗದಾಗಲೂ ಎಸ್‌ಎಂಎಸ್ ಎಷ್ಟೋ ಸಲ ನುಸುಳುತ್ತದೆ. ಅವರ ನಂಬರು ಕಾಗದದ ಮೇಲಿರಲಿ. ಮಂಚದ ಕೆಳಗೆ ಗಟ್ಟಿ ತಳದ ಬೂಟು ಇಡಿ. ಭೂಕಂಪದ ರಾತ್ರಿ ಒಡೆದ ಗಾಜಿನ ಮೇಲೆ ನಡೆಯಬೇಕಾಗುತ್ತದೆ.

ದಾರಿಯಲ್ಲಿ ಹರಿಯುವ ನೀರಿಗೆ ಇಳಿಯಬೇಡಿ. 15 ಸೆಂಟಿಮೀಟರ್ ಆಳದ ರಭಸದ ನೀರು ದೊಡ್ಡವರನ್ನೂ ಕೆಡವುತ್ತದೆ, 60 ಸೆಂಟಿಮೀಟರಿನದು ಬಹುಪಾಲು ವಾಹನಗಳನ್ನು ತೇಲಿಸಿಕೊಂಡು ಹೋಗುತ್ತದೆ.

ನಿತ್ಯದ ಔಷಧ ಒಂದು ವಾರದ್ದಾದರೂ ಮುಂಗಡವಾಗಿರಲಿ, ವೈದ್ಯರ ಚೀಟಿಯ ಪ್ರತಿಯ ಜೊತೆಗೆ. ಇನ್ಸುಲಿನ್ ತೆಗೆದುಕೊಳ್ಳುವವರು ಫ್ರಿಜ್ಜು ನಿಂತಿತೆಂದು ಗಾಬರಿಯಾಗಿ ಡೋಸು ತಪ್ಪಿಸಬೇಡಿ. ಹೆಚ್ಚಿನ ಬಗೆಯ ಇನ್ಸುಲಿನ್ 15ರಿಂದ 30 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ 28 ದಿನದವರೆಗೆ ಕೆಲಸಕ್ಕೆ ಬರುತ್ತದೆ. ನೇರ ಮಂಜುಗಡ್ಡೆಗೆ ತಾಗಿಸಿಡುವುದು ಮಾತ್ರ ತಪ್ಪು, ಒಮ್ಮೆ ಹೆಪ್ಪುಗಟ್ಟಿದ್ದು ಕೆಟ್ಟಂತೆಯೇ.

ನೆರೆ ಇಳಿದು ಮನೆ ಸೇರಿದಾಗ ಎಲೆಕ್ಟ್ರಿಷಿಯನ್ ನೋಡುವವರೆಗೆ ಮೇನ್ ಹಾಕಬೇಡಿ. ಒದ್ದೆಯಾದ ಹಾಸಿಗೆ, ಬಟ್ಟೆ, ಮರವನ್ನು ಒಂದೆರಡು ದಿನದೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಏನನ್ನಾದರೂ ಎಸೆಯುವ ಮೊದಲು ಗೋಡೆಯ ಮೇಲಿನ ನೀರಿನ ಗುರುತು ಸಮೇತ ಫೋಟೋ ತೆಗೆಯಿರಿ, ವಿಮೆಗೆ ಬೇಕಾಗುತ್ತದೆ. ನೆಲ ತೊಳೆಯುವಾಗ ಬ್ಲೀಚಿನ ಜೊತೆ ಕಮೋಡ್ ತೊಳೆಯುವ ಆಸಿಡ್ ಆಗಲಿ ಅಮೋನಿಯ ಇರುವ ದ್ರಾವಣವಾಗಲಿ ಸೇರಬಾರದು, ಆ ವಿಷಗಾಳಿ ಉಸಿರಾಟವನ್ನೇ ಕಟ್ಟಿಸುತ್ತದೆ. ಒಂದನ್ನು ಬಳಸಿ, ನೀರು ಹಾಕಿ ಪೂರ್ತಿ ತೊಳೆದು, ಕಿಟಕಿ ತೆರೆದಿಟ್ಟೇ ಮುಂದಿನದಕ್ಕೆ ಕೈಹಾಕಿ.